ಹಂದಿ ಕುಯ್ಯಲು ಯಾವ ಚಾಕು, ಯಾವ ಕತ್ತಿ? ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದರೆ, ಮದುವೆ ಗೊತ್ತಾದರೆ, ನೆಂಟರು ಸೇರಿದರೆ ಕೊಡಗಿನಲ್ಲಿ ಹಂದಿಯ ಮಾತು ಬರಲೇಬೇಕು. ಅಂಗಡಿಯಿಂದ ಮಾಂಸ ತರುವವರು ಜಾಸ್ತಿ ಆಗಿದ್ದಾರೆ, ನಿಜ. ಆದರೂ ಸಾಕಿದ ಹಂದಿಯನ್ನು ಮನೆಯ ಅಂಗಳದಲ್ಲೇ ಕುಯ್ದು, ಪಾಲು ಮಾಡಿ, ಪಂದಿ ಕರಿಗೆ ತುಂಡು ಮಾಡುವ ಮನೆಗಳು ಇನ್ನೂ ಬೇಕಾದಷ್ಟಿವೆ.

ಆದರೆ ಆ ಕೆಲಸಕ್ಕೆ ಇಟ್ಟುಕೊಂಡ ಸಾಮಾನು ನೋಡಿದರೆ ಬೇಜಾರಾಗುತ್ತದೆ. ಬಹಳ ಕಡೆ ಇರುವುದು ಒಂದೇ ತೋಟದ ಕತ್ತಿ. ಬೇಲಿ ಸವರಿದ ಆ ಕತ್ತಿಯಲ್ಲೇ ಹೊಟ್ಟೆ ಸೀಳುವುದು, ಅದರಲ್ಲೇ ಮೂಳೆ ಕಡಿಯುವುದು, ಅದರಲ್ಲೇ ತುಂಡು ಮಾಡುವುದು. ಇನ್ನು ಕೆಲವರು ಆನ್‌ಲೈನ್‌ನಲ್ಲಿ ‘ಹಂಟಿಂಗ್ ನೈಫ್’ ಅಂತ ಹುಡುಕುತ್ತಾರೆ. ಬೆನ್ನಿನ ಮೇಲೆ ಗರಗಸದ ಹಲ್ಲಿರುವ, ಒಂದಡಿ ಉದ್ದದ, ಕಪ್ಪು ಬಣ್ಣ ಹೊಡೆದ ಚಾಕು ತರಿಸುತ್ತಾರೆ. ನೋಡೋಕೆ ಜೋರಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಹಂದಿ ಕುಯ್ಯುವ ಕೆಲಸದಲ್ಲಿ ಮುಕ್ಕಾಲು ಪಾಲು ಸಣ್ಣ ಚಾಕುವಿನದು. ಒಂದು ಗೇಣಿಗಿಂತ ಚಿಕ್ಕದಾದ, ಚೆನ್ನಾಗಿ ಮಸೆದ ಎರಡು ಚಾಕು, ಒಂದು ಗರಗಸ, ಒಂದು ಸಾಣೆಕಲ್ಲು. ಇಷ್ಟಿದ್ದರೆ ಮನೆಯ ಕೆಲಸ ನಡೆದುಹೋಗುತ್ತದೆ. ದೊಡ್ಡ ಕತ್ತಿಗೆ ಕೊನೆಯಲ್ಲಿ ಸ್ವಲ್ಪ ಕೆಲಸ ಇದೆ, ಅಷ್ಟೇ.

ಮೊದಲು ಕಾನೂನಿನ ಮಾತು

ಇಲ್ಲಿ ಹೇಳುವುದೆಲ್ಲ ಸಾಕಿದ ಹಂದಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿ, ಕಡವೆ, ಜಿಂಕೆ, ಕಾಡುಕುರಿ ಯಾವುದನ್ನೂ ಬೇಟೆಯಾಡುವ ಹಾಗಿಲ್ಲ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಕೋವಿಯ ಲೈಸೆನ್ಸ್‌ನಿಂದ ಸಿಕ್ಕಿರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕಿದ ವಿನಾಯಿತಿ. ಬೇಟೆಗೆ ಸಿಕ್ಕಿದ ಅನುಮತಿ ಅಲ್ಲ. ತೋಟದಂಚಿನಲ್ಲಿ ಹಂದಿಗೆ ಅಂತ ಉರುಳು ಇಡುವುದಂತೂ ದೊಡ್ಡ ಅನ್ಯಾಯ. ಆ ತಂತಿಗೆ ಚಿರತೆ ಸಿಕ್ಕಿ ನರಳಿ ಸಾಯುತ್ತದೆ.

ಪೇಟೆಯ ವ್ಯಾಪ್ತಿಯಲ್ಲಿ ಇರುವವರು ಇನ್ನೊಂದು ಗಮನಿಸಬೇಕು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪುರಸಭೆ, ನಗರಸಭೆ ವ್ಯಾಪ್ತಿಯೊಳಗೆ ಲೈಸೆನ್ಸ್ ಇರುವ ಕಸಾಯಿಖಾನೆ ಬಿಟ್ಟು ಬೇರೆಲ್ಲೂ ಪ್ರಾಣಿ ಕೊಲ್ಲುವಂತಿಲ್ಲ. ಮಾಂಸ ಮಾರುವುದಾದರೆ ಆಹಾರ ಸುರಕ್ಷತೆಯ ಲೈಸೆನ್ಸ್ ಕೂಡ ಬೇಕು.

ಹಂದಿಯನ್ನು ಕೊಲ್ಲುವ ಕೆಲಸ ಕೈ ಪಳಗಿದವರಿಗೇ ಬಿಡಿ. ಅದನ್ನು ಓದಿ ಕಲಿಯಬಾರದು. ಈ ಲೇಖನ ಶುರುವಾಗುವುದು ಅದರ ನಂತರ.

ಸುಡುವುದು, ಕೆರೆಯುವುದು

ಜಿಂಕೆಯಂಥ ಪ್ರಾಣಿಗೆ ಚರ್ಮ ಸುಲಿಯುತ್ತಾರೆ. ಕೊಡಗಿನಲ್ಲಿ ಹಂದಿಯ ಚರ್ಮ ಸುಲಿಯುವುದಿಲ್ಲ. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇದ್ದರೇ ಅದು ಪಂದಿ ಕರಿ, ಅಲ್ವಾ? ಹಾಗಾಗಿ ಚರ್ಮ ಸುಲಿಯಲೆಂದೇ ಮಾಡಿದ, ಹೊಟ್ಟೆ ಉಬ್ಬಿದ ಅಗಲ ಚಾಕು ನಮಗೆ ಬೇಡ. ಬೇಕಾದ್ದು ಕೆರೆಯುವ ಸಾಮಾನು.

ಕೂದಲು ತೆಗೆಯಲು ಎರಡು ದಾರಿ. ಒಣ ಹುಲ್ಲು, ಗರಿ ಅಥವಾ ಗ್ಯಾಸ್ ಬರ್ನರ್‌ನಲ್ಲಿ ಸುಡುವುದು ಒಂದು. ಬಿಸಿನೀರು ಹೊಯ್ದು ಕೆರೆಯುವುದು ಇನ್ನೊಂದು. ಬಿಸಿನೀರಾದರೆ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿಯುವ ನೀರು ಹೊಯ್ದರೆ ಚರ್ಮ ಬೆಂದು ಕೂದಲು ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಅಗ್ಗದ ಥರ್ಮಾಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು.

ಕೆರೆಯಲು ಒಳ್ಳೆಯ ಚಾಕು ಮುಟ್ಟಬೇಡಿ. ಮಸಿ, ಮಣ್ಣು, ಸುಟ್ಟ ಕೂದಲು ಸೇರಿ ಹರಿತವಾದ ಬಾಯಿಯನ್ನು ಬೇಗ ಮೊಂಡು ಮಾಡಿಬಿಡುತ್ತವೆ. ಬಾಯಿ ನೇರವಾಗಿರುವ ಹಳೆಯ ಮೊಂಡು ಚಾಕು ಇದಕ್ಕೆ ಸರಿ. ಅಲಗನ್ನು ಚರ್ಮಕ್ಕೆ ನೆಟ್ಟಗೆ ನಿಲ್ಲಿಸಿ ಎಳೆಯಬೇಕು. ಕಪ್ಪು ಪದರ ಹೋಗಿ ಕೆಳಗಿನ ಹೊಂಬಣ್ಣದ ಚರ್ಮ ಕಾಣುವವರೆಗೆ ಕೆರೆದು, ನೀರು ಹೊಯ್ದು, ಮತ್ತೆ ಕೆರೆಯಬೇಕು. ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಕೂದಲು ಉಳಿಯುತ್ತದೆ, ಅಲ್ಲಿಗೆ ಬರ್ನರ್ ಹಿಡಿಯಿರಿ. ಗೊರಸಿನ ಚಿಪ್ಪು ಬಿಸಿ ಇರುವಾಗಲೇ ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಕಳಚಿ ಬರುತ್ತದೆ. ತಣ್ಣಗಾದ ಮೇಲೆ ಅದೇ ಕೆಲಸಕ್ಕೆ ಒದ್ದಾಡಬೇಕಾಗುತ್ತದೆ.

ಇದೆಲ್ಲ ಮುಗಿದು, ಹಂದಿಯನ್ನೂ ಕೈಯನ್ನೂ ಚೆನ್ನಾಗಿ ತೊಳೆದ ಮೇಲೆ ಒಳ್ಳೆಯ ಚಾಕು ಹೊರಗೆ ಬರಲಿ.

ಹೊಟ್ಟೆ ಬಿಡಿಸುವ ಚಾಕು

ಎಲ್ಲಕ್ಕಿಂತ ಯೋಚಿಸಿ ಆರಿಸಬೇಕಾದ ಚಾಕು ಇದು. ಕೆಲಸ ಏನು ಅಂತ ಮೊದಲು ನೋಡಿ. ಹಿಂಗಾಲುಗಳ ಸ್ನಾಯುವಿನ ಸಂದಿಗೆ ಕೊಕ್ಕೆ ಸಿಕ್ಕಿಸಿ ಹಂದಿಯನ್ನು ತಲೆಕೆಳಗಾಗಿ ನೇತುಹಾಕಿದ್ದೀರಿ. ಮೊದಲು ಗುದದ ಸುತ್ತ ಒಂದು ಉಂಗುರದಂತೆ ಕೊಯ್ದು, ಕರುಳಿನ ತುದಿಯನ್ನು ದಾರದಲ್ಲಿ ಗಟ್ಟಿಯಾಗಿ ಕಟ್ಟಬೇಕು. ಆಮೇಲೆ ತೊಡೆಸಂದಿಯ ಹತ್ತಿರ ಎರಡು ಬೆರಳು ತೂರುವಷ್ಟು ಒಂದು ಸಣ್ಣ ಸೀಳು. ಎಡಗೈಯ ಎರಡು ಬೆರಳನ್ನು ಒಳಗೆ ಹಾಕಿ ಕರುಳನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಆ ಬೆರಳುಗಳ ನಡುವೆ ಚಾಕು ಕೂರಬೇಕು. ಬಾಯಿ ಹೊರಕ್ಕೆ, ಬೆನ್ನು ಕರುಳಿನ ಕಡೆಗೆ. ಹಾಗೇ ಮೆಲ್ಲಗೆ ಎದೆಮೂಳೆಯವರೆಗೆ ಇಳಿಸುತ್ತಾ ಬರಬೇಕು.

ಕರುಳು, ಮೂತ್ರಕೋಶ, ಪಿತ್ತಕೋಶ ಮೂರರಲ್ಲಿ ಒಂದಕ್ಕೆ ಮೊನೆ ತಾಗಿದರೂ ಅಲ್ಲಿಯ ಮಾಂಸ ಹಾಳು. ಪಿತ್ತ ಚೆಲ್ಲಿದರೆ ಈಲಿಯನ್ನು ಎಷ್ಟು ತೊಳೆದರೂ ಕಹಿ ಹೋಗುವುದಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ, ಬೆರಳಿನ ಪಕ್ಕದಲ್ಲೇ ನಡೆಯುವ ಕೆಲಸಕ್ಕೆ ಒಂದಡಿ ಚಾಕು ಏಕೆ ಬೇಡ ಅಂತ ಈಗ ಗೊತ್ತಾಯಿತಲ್ಲ.

ಅಲಗು 8ರಿಂದ 10 ಸೆಂಟಿಮೀಟರ್ ಉದ್ದ ಇರಲಿ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿದಿರಬೇಕು, ಮೊನೆ ಸೂಜಿಯಂತೆ ಮೇಲಕ್ಕೆ ಎದ್ದಿರಬಾರದು. ಎದ್ದ ಮೊನೆಯೇ ಕರುಳಿಗೆ ಚುಚ್ಚುವುದು. ಬೆನ್ನಿನ ದಪ್ಪ 2.5ರಿಂದ 3 ಮಿಲಿಮೀಟರ್ ಸಾಕು. ಬೆನ್ನಿನ ಮೇಲೆ ಗರಗಸದ ಹಲ್ಲು ಬೇಡವೇ ಬೇಡ. ಬೆನ್ನು ಕರುಳಿನ ಕಡೆಗೆ ಇರುತ್ತದೆ, ಅಲ್ಲಿ ಹಲ್ಲಿದ್ದರೆ ಏನಾಗುತ್ತದೆ ಅಂತ ಯೋಚಿಸಿ.

ಕೆಲವು ಚಾಕುಗಳ ಬೆನ್ನಿನಲ್ಲಿ ಕೊಕ್ಕೆಯಂಥ ಸೀಳು ಇರುತ್ತದೆ, ಒಳಬದಿ ಹರಿತ. ಇದು ಬಂದಿದ್ದು ಜಿಂಕೆ, ಎಲ್ಕ್ ಬೇಟೆಯಾಡುವ ದೇಶಗಳಿಂದ. ತೆಳು ಚರ್ಮಕ್ಕೆ ಅದು ಜಿಪ್ ಎಳೆದ ಹಾಗೆ ಓಡುತ್ತದೆ. ಸಾಕಿದ ಹಂದಿಯ ದಪ್ಪ ಚರ್ಮ, ಅದರ ಕೆಳಗಿನ ಕೊಬ್ಬಿಗೆ ಸಿಕ್ಕಿದರೆ ಆ ಸೀಳಿನ ತುಂಬ ಕೊಬ್ಬು ತುಂಬಿಕೊಂಡು ನಿಂತುಬಿಡುತ್ತದೆ. ಮಸೆಯೋಕೂ ಕಷ್ಟ. ಅದಕ್ಕೆ ದುಡ್ಡು ಕೊಡಬೇಡಿ.

ಬ್ಲೇಡ್ ಬದಲಾಯಿಸುವ ಚಾಕುಗಳೂ ಈಗ ಸಿಗುತ್ತವೆ. ಆಪರೇಷನ್ ಬ್ಲೇಡಿನಂತೆ ತೆಳ್ಳಗಿರುತ್ತವೆ, ಹರಿತವೋ ಹರಿತ. ಆದರೆ ಕೀಲಿನ ಸಂದಿಯಲ್ಲಿ ಸ್ವಲ್ಪ ಅಡ್ಡಕ್ಕೆ ತಿರುಗಿಸಿದರೂ ಪಟ್ ಅಂತ ಮುರಿಯುತ್ತವೆ. ಮುರಿದ ಚೂರು ಮಾಂಸದೊಳಗೆ ಹೋದರೆ ಹುಡುಕುವವರು ಯಾರು? ನೂರು ಜನರ ಊಟಕ್ಕೆ ಹೋಗುವ ಮಾಂಸದಲ್ಲಿ ಆ ಅಪಾಯ ನಮಗೆ ಬೇಡ.

ಇನ್ನು ಹಿಡಿ. ನನ್ನ ಪ್ರಕಾರ ಅಲಗಿಗಿಂತ ಹಿಡಿಯ ಮೇಲೆ ಜಾಸ್ತಿ ಯೋಚನೆ ಮಾಡಬೇಕು. ಹತ್ತು ನಿಮಿಷದಲ್ಲಿ ಕೈತುಂಬ ಕೊಬ್ಬು, ರಕ್ತ, ನೀರು. ನುಣುಪಾದ ಬೀಟೆ ಮರದ ಹಿಡಿ ಮನೆಯಲ್ಲಿ ಚೆಂದ ಕಾಣುತ್ತದೆ, ಒದ್ದೆ ಕೈಯಲ್ಲಿ ಜಾರುತ್ತದೆ. ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಹೋಗುವುದೇ ಈ ಕೆಲಸದಲ್ಲಿ ಹೆದರಬೇಕಾದ ಗಾಯ. ಹಾಗಾಗಿ ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿ ಬೆರಳನ್ನು ತಡೆಯುವ ಉಬ್ಬು ಇರಲೇಬೇಕು. ಹಿಡಿ ಸ್ವಲ್ಪ ತರಿತರಿಯಾಗಿರಲಿ. ರಬ್ಬರಿನಂಥ ಅಥವಾ ಒರಟು ಪ್ಲಾಸ್ಟಿಕ್ ಹಿಡಿ ನೋಡೋಕೆ ಸಾಧಾರಣ, ಆದರೆ ಕಸುಬಿನವರು ಹಿಡಿಯುವುದು ಅದನ್ನೇ. ಅಂಗಡಿಯಲ್ಲಿ ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಹಿಡಿ ಮತ್ತು ಅಲಗಿನ ನಡುವೆ ಉಗುರು ತೂರುವಷ್ಟು ಸಂದಿ ಇದ್ದರೆ ವಾಪಸ್ ಇಡಿ. ಕೊಬ್ಬು ಅಲ್ಲಿ ಸೇರಿ ಕೊಳೆಯುತ್ತದೆ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಮಡಚುವ ಚಾಕು ಬೇಡ ಎನ್ನುವುದೂ ಇದೇ ಕಾರಣಕ್ಕೆ. ಹಿಡಿಯ ಬಣ್ಣ ಹಳದಿಯೋ ಕೆಂಪೋ ಇದ್ದರೆ ಇನ್ನೂ ಒಳ್ಳೆಯದು. ಮಾಂಸದ ರಾಶಿಯ ಪಕ್ಕ, ಬಾಳೆಲೆಯ ಮೇಲೆ ಕಂದು ಹಿಡಿ ಕಣ್ಣಿಗೆ ಬೀಳುವುದಿಲ್ಲ.

ಮೂಳೆ ಬಿಡಿಸುವ ಚಾಕು

ಎರಡನೇ ಚಾಕು ಇದು. ಅಂಗಡಿಯವರು ‘ಬೋನಿಂಗ್ ನೈಫ್’ ಎನ್ನುತ್ತಾರೆ. ಅಲಗು ಸುಮಾರು 15 ಸೆಂಟಿಮೀಟರ್, ಅಂದರೆ 6 ಇಂಚು, ಅಗಲ ಕಡಿಮೆ. ಕೀಲಿನ ಸುತ್ತ, ಪಕ್ಕೆಲುಬಿನ ಪಕ್ಕ, ಹೆಗಲ ಹಲಗೆಯ ಕೆಳಗೆ ತಿರುಗಲು ಸಣ್ಣ ಅಗಲವೇ ಬೇಕು. ಬಾಗುವ ಅಲಗು, ಗಟ್ಟಿ ಅಲಗು ಎರಡೂ ಸಿಗುತ್ತವೆ. ತುಂಬ ಬಾಗುವುದು ಮೀನಿಗೆ ಸರಿ. ಹಂದಿಗೆ ಸ್ವಲ್ಪ ಮಾತ್ರ ಬಾಗುವ ಅಥವಾ ಗಟ್ಟಿ ಅಲಗು ತೆಗೆದುಕೊಳ್ಳಿ. ವಿಕ್ಟೋರಿನಾಕ್ಸ್‌ನಂಥ ಕಂಪನಿಗಳು ಕಟುಕರಿಗೆ ಅಂತಲೇ ಮಾಡುವ ಚಾಕುಗಳು ಅಲಂಕಾರವಿಲ್ಲದವು, ಆದರೆ ಈ ಕೆಲಸಕ್ಕೆ ತಕ್ಕವು.

ಈ ಚಾಕು ಇದ್ದರೆ ಕಾಲುಗಳನ್ನು ಕಡಿಯಬೇಕಾಗಿಯೇ ಇಲ್ಲ. ಕೀಲನ್ನು ಅಲ್ಲಾಡಿಸಿ ನೋಡಿ, ಸಂದಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಗೆ ಮೊನೆ ಇಟ್ಟು ಸುತ್ತ ಕೊಯ್ದರೆ ಕಾಲು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಕತ್ತಿಯಲ್ಲಿ ಬೀಸಿ ಬೀಸಿ ಕಡಿದರೆ ಮೂಳೆಯ ಚೂರುಗಳು ಮಾಂಸಕ್ಕೆ ಸೇರುತ್ತವೆ. ಊಟಕ್ಕೆ ಕೂತ ಅಜ್ಜನ ಹಲ್ಲಿಗೆ ಸಿಗುವುದು ಅದೇ ಚೂರು.

ಗರಗಸ, ಕತ್ತಿ, ಕೊರಡು

ಎದೆಮೂಳೆ, ಸೊಂಟದ ಮೂಳೆ, ಬೆನ್ನುಮೂಳೆ ಮೂರಕ್ಕೆ ಗರಗಸ ಬೇಕು. ಎಳೆಯ ಹಂದಿಯಾದರೆ ಎದೆಮೂಳೆಯ ಪಕ್ಕದ ಮೆದು ಮೂಳೆಯಲ್ಲಿ ಚಾಕುವೇ ಹೋಗುತ್ತದೆ. ಬಲಿತ ಹಂದಿಗೆ ಆಗುವುದಿಲ್ಲ. ಸ್ಟೇನ್‌ಲೆಸ್ ಮಾಂಸದ ಗರಗಸ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಕಾಫಿ ಕಸಿ ಮಾಡುವ, ಅಂದರೆ ರೆಂಬೆ ಸವರುವ ಗರಗಸ ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದಲ್ಲ, ಅದನ್ನೇ ಹೊಸದು ತಂದು ಇದಕ್ಕೇ ಬೇರೆ ಇಟ್ಟುಕೊಳ್ಳಿ. ದೊಡ್ಡ ಹಲ್ಲು, ಎಳೆಯುವಾಗ ಕೊಯ್ಯುತ್ತದೆ, ಕೊಬ್ಬು ಕಟ್ಟಿಕೊಳ್ಳುವುದು ಕಡಿಮೆ. ತೋಟದಲ್ಲಿ ಬಳಸಿದ್ದನ್ನು ತೊಳೆದು ತರಬೇಡಿ. ಅದರಲ್ಲಿ ಔಷಧಿ, ಬೋರ್ಡೋ ದ್ರಾವಣ ಏನೇನೋ ಅಂಟಿರುತ್ತದೆ. ಗರಗಸ ಹಾಕಿದ ಮೇಲೆ ಮೂಳೆಪುಡಿಯನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಕತ್ತಿಯ ಕೆಲಸ ಪಕ್ಕೆಲುಬು ತುಂಡು ಮಾಡುವುದು, ಕಾಲು ಮತ್ತು ತಲೆ ಒಡೆಯುವುದು. ಇದಕ್ಕೆ ಬೆನ್ನಿನ ದಪ್ಪ 5ರಿಂದ 6 ಮಿಲಿಮೀಟರ್ ಇರುವ, ತೂಕ ಮುಂದಕ್ಕೆ ಇರುವ ಕತ್ತಿ ಬೇಕು. ಕೆಳಗೆ ಹುಣಸೆ ಮರದ ಕೊರಡು ಇರಲಿ. ಮಾಂಸದ ಅಂಗಡಿಯವರು ಹುಣಸೆಯನ್ನೇ ಇಡುವುದಕ್ಕೆ ಕಾರಣ ಇದೆ. ಆ ಮರ ಗಟ್ಟಿ, ಬೇಗ ಸಿಬಿರು ಏಳುವುದಿಲ್ಲ. ಕಲ್ಲಿನ ಮೇಲೆ, ಸಿಮೆಂಟ್ ಕಟ್ಟೆಯ ಮೇಲೆ ಕಡಿದರೆ ಎಂಥ ಕತ್ತಿಯೂ ಒಂದೇ ದಿನಕ್ಕೆ ಹಾಳು.

ಪಂದಿ ಕರಿಯ ಸಣ್ಣ ತುಂಡಿಗೆ ಮೆಟ್ಟುಕತ್ತಿ ಬರುವವರು ಅದನ್ನೇ ಬಳಸಲಿ. ಎರಡೂ ಕೈಯಲ್ಲಿ ಮಾಂಸ ಹಿಡಿದು ಎಳೆಯುವವರ ವೇಗಕ್ಕೆ ಚಾಕು ಸಮ ಆಗುವುದಿಲ್ಲ. ಚಾಕುವೇ ಆದರೆ 20 ಸೆಂಟಿಮೀಟರ್ ಮೇಲ್ಪಟ್ಟ ಅಲಗು ತೆಗೆದುಕೊಂಡು, ಚರ್ಮ ಕೆಳಗೆ ಬರುವಂತೆ ಇಟ್ಟು ಮಾಂಸದ ಕಡೆಯಿಂದ ಕೊಯ್ಯಿರಿ.

ಪೂಜೆಯ ಒಡಿಕತ್ತಿ, ಬೆಳ್ಳಿ ಕೆಲಸದ ಪೀಚೆಕತ್ತಿಗಳನ್ನು ಈ ಕೆಲಸಕ್ಕೆ ಇಳಿಸಬೇಡಿ. ಅವು ಮನೆತನದ ಆಸ್ತಿ. ಕೈಲ್ ಪೊಳ್ದ್‌ನಲ್ಲಿ ಬೇರೆ ಕತ್ತಿಗಳನ್ನೂ ಪೂಜೆಗೆ ಇಟ್ಟಿದ್ದರೆ ತೊಳೆದೇ ಬಳಸಿ. ಆ ಪೂಜೆಯಲ್ಲಿ ಕೋವಿಗೆ ಸಿಕ್ಕಿಸುವ ತೋಕ್ ಪೂವಿನ (ಅಗ್ನಿಶಿಖೆಯ) ಗಿಡ ಪೂರ್ತಿ ವಿಷ, ಗಡ್ಡೆಯಂತೂ ಇನ್ನೂ ಜಾಸ್ತಿ.

ಸ್ಟೇನ್‌ಲೆಸ್ಸೋ, ಆಚಾರಿಯ ಕತ್ತಿಯೋ?

ಸಣ್ಣ ಚಾಕುಗಳಿಗೆ ಸ್ಟೇನ್‌ಲೆಸ್, ಕತ್ತಿಗೆ ಕುಲುಮೆಯ ಉಕ್ಕು. ಇದು ನನ್ನ ಆಯ್ಕೆ.

ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಗೋಡೆಯೇ ಬೆವರುತ್ತದೆ. ಬರೀ ಕಾರ್ಬನ್ ಉಕ್ಕಿನ ಚಾಕು ಒಂದು ರಾತ್ರಿ ಒದ್ದೆ ಇದ್ದರೆ ಬೆಳಿಗ್ಗೆ ಕೆಂಪು. ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿಯ ಹನಿ ಬಿದ್ದರೆ ಕಪ್ಪು ಕಲೆ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ, ತುಕ್ಕು ನಿಧಾನ. ಗಡಸುತನ ಹೇಳುವಾಗ ರಾಕ್‌ವೆಲ್ ಅಂತ ಒಂದು ಅಳತೆ ಬರೆದಿರುತ್ತಾರೆ. 55ರಿಂದ 58ರೊಳಗೆ ಇದ್ದರೆ ಸರಿ. 60 ದಾಟಿದ ಚಾಕು ಹರಿತ ಜಾಸ್ತಿ ಹೊತ್ತು ಉಳಿಸಿಕೊಳ್ಳುತ್ತದೆ, ಆದರೆ ಮೂಳೆಗೆ ತಾಗಿದರೆ ಬಾಯಿ ಸಿಡಿಯುವ ಭಯ. ಮನೆಯ ಸಾಣೆಕಲ್ಲಿನಲ್ಲಿ ಮಸೆಯಲೂ ಕಷ್ಟ.

ಕತ್ತಿ ಮಾತ್ರ ಕಮ್ಮಾರರ ಹತ್ತಿರವೇ ಮಾಡಿಸಿ. ಲಾರಿ, ಜೀಪಿನ ಸ್ಪ್ರಿಂಗ್ ಪ್ಲೇಟ್‌ನಿಂದ ಮಾಡಿದ್ದು ಒಳ್ಳೆಯದು. ಆ ಉಕ್ಕು ಏಟು ತಿನ್ನಲೆಂದೇ ತಯಾರಾದದ್ದು. ಹೋಗುವಾಗ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ಹೋಗಿ. ‘ಒಂದು ಒಳ್ಳೆ ಕತ್ತಿ ಮಾಡಿಕೊಡಿ ಆಚಾರ್ರೇ’ ಅಂದರೆ ಅವರು ತೋಟದ ಕತ್ತಿಯನ್ನೇ ಮಾಡಿಕೊಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ‘ಮೂಳೆ ಕಡಿಯೋಕೆ, ಬಾಯಿ ದಪ್ಪ ಇರಲಿ, ಹದ ಬಾಯಿಗೆ ಮಾತ್ರ ಗಟ್ಟಿ ಇರಲಿ, ಬೆನ್ನು ಮೆದು ಇರಲಿ’ ಅಂತ ಬಿಡಿಸಿ ಹೇಳಿ. ಕೊನೆಯಲ್ಲಿ ಗ್ರೈಂಡರ್ ಹಿಡಿಯುವಾಗ ಪಕ್ಕದಲ್ಲಿ ನಿಂತು ನೋಡಿ. ಆಗಾಗ ನೀರಿಗೆ ಅದ್ದುತ್ತಾ ಹಿಡಿಯಬೇಕು. ಬಾಯಿಯ ಅಂಚು ನೀಲಿ ತಿರುಗಿತು ಅಂದರೆ ಅಲ್ಲಿಯ ಹದ ಹೋಯಿತು. ಅಷ್ಟು ಭಾಗ ಸವೆದು ಹೋಗುವವರೆಗೆ ಆ ಕತ್ತಿ ಹರಿತ ನಿಲ್ಲಿಸುವುದಿಲ್ಲ. ತಂದ ಮೇಲೆ ಒಣಗಿದ ಬಿದಿರಿನ ಗಂಟಿಗೆ ಕೆಲವು ಏಟು ಹಾಕಿ ಬೆಳಕಿಗೆ ಹಿಡಿದು ನೋಡಿ. ಬಾಯಿ ಮಡಚಿದ್ದರೆ ಹದ ಮೆದು. ಚಕ್ಕೆ ಎದ್ದಿದ್ದರೆ ಹದ ಜಾಸ್ತಿ. ಎರಡಕ್ಕೂ ವಾಪಸ್ ಒಯ್ದರೆ ಸರಿ ಮಾಡಿಕೊಡುತ್ತಾರೆ.

ಮಸೆಯುವುದು

ಇಷ್ಟೆಲ್ಲ ಆರಿಸಿ ತಂದು ಮಸೆಯದಿದ್ದರೆ ಪ್ರಯೋಜನವಿಲ್ಲ. ಮೊಂಡು ಚಾಕುವೇ ಜಾಸ್ತಿ ಗಾಯ ಮಾಡುವುದು. ಕೊಯ್ಯದ ಚಾಕುವಿಗೆ ಬಲ ಹಾಕುತ್ತೇವೆ, ಬಲ ಹಾಕಿದ್ದು ಜಾರುತ್ತದೆ.

ಎರಡು ಬದಿಯ ಸಾಣೆಕಲ್ಲು ತೆಗೆದುಕೊಳ್ಳಿ, ಒರಟು ಬದಿ 400, ನುಣುಪು ಬದಿ 1000 ನಂಬರ್ ಸಾಕು. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಡಿ, ಜಾರಬಾರದು. ಸಣ್ಣ ಚಾಕುವಿಗೆ ಸುಮಾರು 20 ಡಿಗ್ರಿ ಕೋನ ಬೇಕು. ಡಿಗ್ರಿ ಅಳೆಯುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲಗಿನ ಅಗಲ ಎಷ್ಟಿದೆಯೋ ಅದರ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಮೇಲೆತ್ತಿ ಹಿಡಿದರೆ ಹೆಚ್ಚು ಕಡಿಮೆ 20 ಡಿಗ್ರಿ ಆಗುತ್ತದೆ. ಎರಡೂವರೆ ಸೆಂಟಿಮೀಟರ್ ಅಗಲದ ಅಲಗಿಗೆ 8 ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ. ಕತ್ತಿಗೆ ಇನ್ನಷ್ಟು ಎತ್ತಿ.

ಒರಟು ಬದಿಯಲ್ಲಿ ಒಂದೇ ಕಡೆ ಮಸೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯ ಅಂಚಿನಲ್ಲಿ ಕೂದಲಿನಂಥ ತೆಳು ಗೆರೆ ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆನ್ನಿನಿಂದ ಬಾಯಿಯ ಕಡೆಗೆ ಉಗುರು ಸವರಿದರೆ ಗರ ಗರ ಅಂತ ತಡೆಯುತ್ತದೆ. ಹಿಡಿಯಿಂದ ಮೊನೆಯವರೆಗೆ ಆ ತಡೆ ಸಿಗುವವರೆಗೆ ಬದಿ ಬದಲಿಸಬೇಡಿ. ಸಿಕ್ಕಿದ ಮೇಲೆ ತಿರುಗಿಸಿ ಅಷ್ಟೇ ಮಸೆಯಿರಿ. ಆಮೇಲೆ ನುಣುಪು ಬದಿಯಲ್ಲಿ ಎರಡೂ ಕಡೆ, ಕೊನೆಕೊನೆಗೆ ಕೈ ಹಗುರ ಮಾಡುತ್ತಾ. ಕೊನೆಗೆ ಹಳೆಯ ಬೆಲ್ಟಿನ ಒಳಬದಿಯಲ್ಲಿ ಬಾಯಿಯನ್ನು ಹಿಂದಕ್ಕೆ ಎಳೆದರೆ ಉಳಿದ ಗೆರೆ ಹೋಗುತ್ತದೆ. ಹೆಬ್ಬೆರಳು ಸವರಿ ಪರೀಕ್ಷೆ ಮಾಡಬೇಡಿ. ಪೇಪರಿನ ಹಾಳೆ ಎತ್ತಿ ಹಿಡಿದು ಕೊಯ್ದು ನೋಡಿ, ಎಲ್ಲೂ ಹರಿಯದೆ ಜಾರಿ ಹೋಗಬೇಕು.

ಕೆಲಸದ ಮಧ್ಯೆ ಕಲ್ಲು ಬೇಡ, ಉಕ್ಕಿನ ಸರಳು ಸಾಕು. ಮಡಚಿಕೊಂಡ ಬಾಯಿಯನ್ನು ಅದು ನೆಟ್ಟಗೆ ಮಾಡುತ್ತದೆ. ಪ್ರತಿ ಬದಿಗೆ ಐದಾರು ಸಲ, ಹಗುರವಾಗಿ. ಚಾಕು ಕೊಬ್ಬಿನಿಂದ ಮುಚ್ಚಿದ್ದರೆ ಮೊದಲು ಒರೆಸಿ. ಎರಡು ಚಕ್ರದ ನಡುವೆ ಎಳೆಯುವ ಅಗ್ಗದ ಸಾಣೆ ಸಿಗುತ್ತದಲ್ಲ, ಅದು ಬಾಯಿಯನ್ನು ಹರಿದುಹಾಕುತ್ತದೆ. ಒಳ್ಳೆಯ ಚಾಕುವಿಗೆ ಬೇಡ.

ಕೈಗೆ, ಜನಕ್ಕೆ

ಚಾಕು ಹಿಡಿಯದ ಕೈಗೆ ಕೊಯ್ತ ತಡೆಯುವ ಗ್ಲೌಸ್ ಹಾಕಿ, ಅದರ ಮೇಲೆ ತೆಳು ರಬ್ಬರ್ ಗ್ಲೌಸ್. ಬಟ್ಟೆಯಂಥ ಆ ಗ್ಲೌಸ್ ಸವರಿದ ಬಾಯಿಯನ್ನು ತಡೆಯುತ್ತದೆ, ಚುಚ್ಚಿದ ಮೊನೆಯನ್ನು ತಡೆಯುವುದಿಲ್ಲ. ರಬ್ಬರ್ ಗ್ಲೌಸ್ ಬರೀ ಸ್ವಚ್ಛತೆಗೆ ಅಲ್ಲ. ಹಂದಿಯ ಮೂತ್ರದಿಂದ ಇಲಿಜ್ವರ ತಗುಲಬಹುದು, ಕೈಯಲ್ಲಿ ಸಣ್ಣ ಗಾಯ ಇದ್ದರೆ ಸಾಕು. ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಅದು ಲಾಡಿಹುಳುವಿನ ಗುಳ್ಳೆ ಇರಬಹುದು. ಆ ಮಾಂಸ ಊಟಕ್ಕೆ ಬೇಡ, ಪಶುವೈದ್ಯರಿಗೆ ತೋರಿಸಿ.

ಚಾಕುಗಳಿಗೆ ಒಂದು ಬಕೆಟ್ ಇಡಿ. ಕೈಯಲ್ಲಿ ಇಲ್ಲದ ಚಾಕು ಬಕೆಟ್‌ನಲ್ಲಿ ಇರಬೇಕು, ಮಾಂಸದ ರಾಶಿಯ ಮೇಲೆ ಇರಬಾರದು. ಕೈಯಿಂದ ಜಾರಿದ ಚಾಕುವನ್ನು ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ, ಕಾಲು ಹಿಂದೆ ತೆಗೆಯಿರಿ. ಮತ್ತೆ ಒಂದು ಮಾತನ್ನು ಮನೆಯ ಹಿರಿಯರೇ ಹೇಳಬೇಕು: ಹಬ್ಬದ ದಿನ ಎಂದು ಬೆಳಿಗ್ಗೆಯೇ ಒಂದು ಪೆಗ್ ಹಾಕಿದವರು ಚಾಕು ಮುಟ್ಟಬಾರದು. ಎಷ್ಟು ನುರಿತವರಾದರೂ ಸರಿ, ಬಡಿಸುವ ಕೆಲಸಕ್ಕೆ ಕಳಿಸಿ.

ಕೊಯ್ದುಕೊಂಡರೆ ಶುದ್ಧ ಬಟ್ಟೆಯಲ್ಲಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಟಿಟಿ ಇಂಜೆಕ್ಷನ್ ತೆಗೆದುಕೊಳ್ಳಿ.

ತೊಳೆದು ಎತ್ತಿಡುವುದು

ಮೊದಲು ತಣ್ಣೀರು. ಬಿಸಿನೀರು ಮೊದಲೇ ಹಾಕಿದರೆ ರಕ್ತ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಸೋಪು, ಬ್ರಷ್. ಕೊನೆಗೆ ಕುದಿಯುವ ನೀರು ಹೊಯ್ದುಬಿಡಿ. ದೊಡ್ಡ ಕಸಾಯಿಖಾನೆಗಳಲ್ಲಿ ಚಾಕು ಅದ್ದಲು 82 ಡಿಗ್ರಿಯ ನೀರು ಇಟ್ಟಿರುತ್ತಾರೆ. ಕೂಡಲೇ ಒರೆಸಿ, ಒಲೆಯ ಹತ್ತಿರ ಪೂರ್ತಿ ಒಣಗಿಸಿ.

ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಚಾಕು ಇಡಬೇಡಿ. ಚರ್ಮ ತೇವ ಹೀರುತ್ತದೆ, ಚಾಕುವಿಗೆ ಒಳಗಿನಿಂದ ತುಕ್ಕು. ಒರೆ ಬೇರೆ, ಚಾಕು ಬೇರೆ. ವಾರಕ್ಕೊಮ್ಮೆ ಬಳಸುವ ಕತ್ತಿಗೆ ತೆಂಗಿನೆಣ್ಣೆ ಸಾಕು. ತಿಂಗಳುಗಟ್ಟಲೆ ಇಡುವುದಾದರೆ ಅದು ಕಮಟು ವಾಸನೆ ಬರುತ್ತದೆ, ಡಿಸೆಂಬರ್ ಚಳಿಗೆ ಗಟ್ಟಿಯೂ ಆಗುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಸವರಿ, ಒಣ ಪೇಪರಿನಲ್ಲಿ ಸುತ್ತಿ ಅಟ್ಟದಲ್ಲಿಡಿ.

ಸಾಮಾನನ್ನು ಪಕ್ಕದ ಮನೆಗೆ ಕೊಡುವ ಮುಂಚೆ, ತರುವ ಮುಂಚೆ ಇದೇ ರೀತಿ ತೊಳೆಯಿರಿ. 2022ರಲ್ಲಿ ವಯನಾಡಿನ ಮಾನಂದವಾಡಿ ಕಡೆ ಆಫ್ರಿಕನ್ ಹಂದಿ ಜ್ವರ ಬಂದು ಸಾಕಿದ ಹಂದಿಗಳನ್ನು ಕೊಲ್ಲಬೇಕಾಯಿತು. ಅದು ನಮ್ಮ ಗಡಿಯ ಆಚೆಯ ಊರು. ಮನುಷ್ಯರಿಗೆ ಆ ರೋಗ ಬರುವುದಿಲ್ಲ, ಆದರೆ ರಕ್ತ ಅಂಟಿದ ಚಾಕು, ಗಂಬೂಟು, ಹಸಿ ಮಾಂಸದ ಚೂರಿನಿಂದ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಬಂದರೆ ಔಷಧಿ ಇಲ್ಲ. ಕುಯ್ದವರು ಬಟ್ಟೆ ಬದಲಿಸದೆ ಗೂಡಿಗೆ ಹೋಗಬಾರದು. ಕರುಳು, ರಕ್ತ, ತೊಳೆದ ಚೂರುಗಳನ್ನು ಹಂದಿಗೆ ಹಾಕಲೇಬಾರದು. ತೋಡಿಗೆ ಎಸೆಯುವುದೂ ಬೇಡ, ಕೆಳಗಿನ ಮನೆಯವರು ಅದೇ ನೀರು ಬಳಸುತ್ತಾರೆ. ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ಕಾಡುಹಂದಿಯೋ ನಾಯಿಯೋ ಕೆದಕದ ಹಾಗೆ ಮೇಲೆ ಮಣ್ಣು ತುಂಬಿ ಕಲ್ಲು ಹೇರಿ.